ಅರ್ಜಿ ಹಾಕಿ ಊರಿಗೆ ಹೊರಡುವವರಿಗೆ: ಗ್ರೀನ್ ಕಾರ್ಡ್‌ನಿಂದ ಅಮೆರಿಕದ ಪೌರತ್ವದವರೆಗಿನ ದಿನಗಳ ಲೆಕ್ಕ

ಗ್ರೀನ್ ಕಾರ್ಡ್ ಬಂದು ಐದು ವರ್ಷ ತುಂಬುತ್ತಾ ಬಂದಿರುತ್ತದೆ. ಅದೇ ಹೊತ್ತಿಗೆ ಊರಿನಲ್ಲಿ ಮೂರು ನಾಲ್ಕು ತಿಂಗಳು ಇದ್ದು ಮುಗಿಸಬೇಕಾದ ಕೆಲಸವೂ ಬಂದಿರುತ್ತದೆ: ಅಪ್ಪನ ಆಪರೇಷನ್, ತಂಗಿಯ ಮದುವೆ, ಮನೆಯ ಪಾಲುಪಟ್ಟಿ. ಹೋಗಿಬಂದ ಮೇಲೆ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕುವುದೋ, ಹಾಕಿಯೇ ಹೊರಡುವುದೋ? ಈ ದಾರಿಯನ್ನು ಪೂರ್ತಿ ಹಾದುಬಂದವರಾಗಿ ನಮ್ಮ ಉತ್ತರ ಸ್ಪಷ್ಟ. ಅರ್ಹತೆಯ ದಿನ ಬಂದಿದ್ದರೆ ಹಾಕಿಯೇ ಹೊರಡಿ. ಆದರೆ ಅರ್ಜಿ ಹಾಕಿದ್ದಾಯಿತಲ್ಲ, ಇನ್ನು ಎಷ್ಟು ದಿನವಾದರೂ ಊರಿನಲ್ಲಿರಬಹುದು ಎಂದುಕೊಳ್ಳಬೇಡಿ. ಬಹಳ ಜನ ಎಡವುವುದು ಅಲ್ಲೇ.

ಕಾನೂನು ಎರಡು ಲೆಕ್ಕ ಕೇಳುತ್ತದೆ. ಮೊದಲನೆಯದು, ಕಳೆದ ಐದು ವರ್ಷಗಳಲ್ಲಿ ಅಮೆರಿಕದ ನೆಲದ ಮೇಲೆ ನೀವು ಒಟ್ಟು ಎಷ್ಟು ದಿನ ಇದ್ದಿರಿ ಎಂಬುದು. ಇದು ಕನಿಷ್ಠ 30 ತಿಂಗಳು, ಅಂದರೆ 913 ದಿನ ಇರಬೇಕು. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಮೂರು ವರ್ಷದಿಂದ ಅವರ ಜೊತೆಗೇ ಬಾಳುತ್ತಿದ್ದು, ಆ ಸಂಗಾತಿ ಆ ಮೂರು ವರ್ಷವೂ ಪ್ರಜೆಯಾಗಿದ್ದರೆ ಮೂರು ವರ್ಷದ ದಾರಿ ಇದೆ. ಅಲ್ಲಿ 18 ತಿಂಗಳು, 548 ದಿನ ಸಾಕು. ಎರಡನೆಯದು ವಾಸದ ನಿರಂತರತೆ. ನಿಮ್ಮ ಮನೆ, ಬದುಕು ಇಲ್ಲೇ ಇತ್ತೇ, ಇಲ್ಲವೇ ಇಲ್ಲಿಂದ ಕಿತ್ತು ಬೇರೆಡೆ ಹೋಗಿತ್ತೇ ಎಂಬ ಪ್ರಶ್ನೆ ಇದು.

ಮೊದಲ ಲೆಕ್ಕ ಅರ್ಜಿ ಹಾಕಿದ ದಿನಕ್ಕೆ ಮುಗಿಯುತ್ತದೆ. ಆಮೇಲೆ ನೀವು ಊರಿನಲ್ಲಿ ಕಳೆಯುವ ದಿನಗಳು 913ರಿಂದ ಏನನ್ನೂ ಕಳೆಯುವುದಿಲ್ಲ. ಹಾಕಿಯೇ ಹೊರಡಿ ಎಂದು ಹೇಳುವುದಕ್ಕೆ ಮುಖ್ಯ ಕಾರಣ ಇದು. ಎರಡನೆಯ ಲೆಕ್ಕ ಮಾತ್ರ ಪೌರತ್ವದ ಪ್ರಮಾಣವಚನ ಸ್ವೀಕರಿಸುವ ಗಳಿಗೆಯವರೆಗೂ ನಡೆಯುತ್ತಿರುತ್ತದೆ. ಅರ್ಜಿಗೂ ಪ್ರಮಾಣವಚನಕ್ಕೂ ನಡುವೆ ಒಂದೇ ಪ್ರಯಾಣದಲ್ಲಿ 180 ದಿನ ಮೀರಿ ಹೊರಗಿದ್ದರೆ, ಅರ್ಜಿಗೆ ಮುಂಚೆ ಹಾಗೆ ಇದ್ದರೆ ಏನಾಗುತ್ತಿತ್ತೋ ಅದೇ ಆಗುತ್ತದೆ.

ಆರು ತಿಂಗಳು ದಾಟಿ ಒಂದು ವರ್ಷದೊಳಗೆ ಹಿಂತಿರುಗಿದರೆ ನಿರಂತರತೆ ಮುರಿದಿದೆ ಎಂದೇ ಅಧಿಕಾರಿ ಎಣಿಸುತ್ತಾರೆ. ಮುರಿದಿಲ್ಲ ಎಂದು ತೋರಿಸುವ ಹೊಣೆ ನಿಮ್ಮದು. ಇಲ್ಲಿನ ಕೆಲಸ ಬಿಟ್ಟಿರಲಿಲ್ಲ, ಹೆಂಡತಿ ಮಕ್ಕಳು ಇಲ್ಲೇ ಇದ್ದರು, ಮನೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟಿರಲಿಲ್ಲ, ಅಲ್ಲಿ ಕೆಲಸಕ್ಕೆ ಸೇರಿರಲಿಲ್ಲ ಎನ್ನುವುದಕ್ಕೆಲ್ಲ ಕಾಗದ ಬೇಕು. ಊರಿನ ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ ನೀವು ಯಾಕೆ ತಡವಾಗಿ ಬಂದಿರಿ ಎಂಬುದನ್ನು ಹೇಳುತ್ತದೆ. ನಿಮ್ಮ ಮನೆ ಇಲ್ಲೇ ಇತ್ತು ಎಂಬುದನ್ನು ಅದು ಹೇಳುವುದಿಲ್ಲ. ಎರಡೂ ಬೇಕು, ಹೆಚ್ಚಾಗಿ ಎರಡನೆಯದು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗಿದ್ದರೆ ವಾದಕ್ಕೇ ಎಡೆಯಿಲ್ಲ, ನಿರಂತರತೆ ಮುರಿಯಿತು. ಮರಳಿ ಬಂದು 4 ವರ್ಷ 1 ದಿನ ಕಳೆದ ಮೇಲೆ ಮತ್ತೆ ಅರ್ಜಿ. ಆಗಲೂ ಹಿಂದಿನ ಐದು ವರ್ಷದೊಳಗೆ ಆ ಗೈರುಹಾಜರಿಯ ಬಾಲ ಉಳಿದೇ ಇರುವುದರಿಂದ, ಪ್ರಶ್ನೆಯೇ ಏಳಬಾರದು ಎನ್ನುವವರು ನಾಲ್ಕೂವರೆ ವರ್ಷ ದಾಟಿಸಿ ಹಾಕುತ್ತಾರೆ.

ಹಾಗಾಗಿ ಅರ್ಜಿ ಹಾಕಿ ಊರಿಗೆ ಹೋಗುವವರು ರಿಟರ್ನ್ ಟಿಕೆಟ್ಟನ್ನು 150 ದಿನದ ಆಸುಪಾಸಿಗೆ ಮಾಡಿಸಿ. 175ನೇ ದಿನಕ್ಕೆ ಮಾಡಿಸಿ, ಕೊನೆಯ ವಾರ ಯಾರಿಗೋ ಜ್ವರ ಬಂದೋ ವಿಮಾನ ರದ್ದಾಗಿಯೋ ಗಡಿ ದಾಟಿಬಿಡುವುದು ಸುಲಭ. ಇದು ಪೌರತ್ವಕ್ಕಷ್ಟೇ ಸಂಬಂಧಿಸಿದ್ದಲ್ಲ. 180 ದಿನ ಮೀರಿ ಹೊರಗಿದ್ದ ಗ್ರೀನ್ ಕಾರ್ಡ್‌ದಾರರನ್ನು ಹೊಸದಾಗಿ ಪ್ರವೇಶ ಕೇಳುತ್ತಿರುವವರಂತೆ ನೋಡಲು ಕಾನೂನು ವಿಮಾನ ನಿಲ್ದಾಣದ ಅಧಿಕಾರಿಗೆ ಅವಕಾಶ ಕೊಡುತ್ತದೆ. ವಯಸ್ಸಾದ ತಂದೆತಾಯಿ ಒಬ್ಬರೇ ಬರುವಾಗ ಇದು ಗೊತ್ತಿರಲೇಬೇಕು. ಐ-407 ಎಂಬ ನಮೂನೆಗೆ ಸಹಿ ಹಾಕಿದರೆ ಗ್ರೀನ್ ಕಾರ್ಡನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಂತೆ. ಅದಕ್ಕೆ ಸಹಿ ಹಾಕಲೇಬೇಕೆಂಬ ಕಡ್ಡಾಯ ಇಲ್ಲ. ಇಮಿಗ್ರೇಷನ್ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕು ಇದೆ. ಓದಿ ಅರ್ಥವಾಗದ ಯಾವ ಕಾಗದಕ್ಕೂ ಸಹಿ ಮಾಡಬೇಡಿ, ಕನ್ನಡ ಬಲ್ಲ ದುಭಾಷಿಯನ್ನು ಕೇಳಿ ಎಂದು ಅವರಿಗೆ ಮುಂಚೆಯೇ ಹೇಳಿ ಕಳಿಸಿ.

ಅರ್ಜಿಯ ದಿನ

ಐದು ವರ್ಷ ತುಂಬುವುದಕ್ಕೆ 90 ದಿನ ಮುಂಚಿತವಾಗಿಯೇ ಎನ್-400 ಎಂಬ ಪೌರತ್ವದ ಅರ್ಜಿ ಹಾಕಬಹುದು. ಪ್ರಯಾಣ ಇಟ್ಟುಕೊಂಡವರಿಗೆ ಈ 90 ದಿನ ದೊಡ್ಡ ಅನುಕೂಲ. ಎಣಿಕೆ ಶುರುವಾಗುವುದು ಕಾರ್ಡಿನ ಮೇಲೆ ‘ರೆಸಿಡೆಂಟ್ ಸಿನ್ಸ್’ ಎಂದಿರುವ ದಿನದಿಂದ. ಕಾರ್ಡು ಅಂಚೆಯಲ್ಲಿ ಕೈಗೆ ಬಂದ ದಿನದಿಂದ ಅಲ್ಲ. ಕಾರ್ಡಿನ ಮೇಲೆ 2021ರ ಸೆಪ್ಟೆಂಬರ್ 20 ಎಂದಿದ್ದರೆ ಐದು ವರ್ಷ ತುಂಬುವುದು 2026ರ ಸೆಪ್ಟೆಂಬರ್ 20ಕ್ಕೆ. ಅದರಿಂದ 90 ದಿನ ಹಿಂದಕ್ಕೆ ಎಣಿಸಿದರೆ 2026ರ ಜೂನ್ 22. ಮೂರು ತಿಂಗಳು ಎಂದು ಜೂನ್ 20ಕ್ಕೆ ಹಾಕಿದರೆ ಎರಡು ದಿನ ಮುಂಚೆ ಹಾಕಿದಂತಾಗಿ ಅರ್ಜಿ ತಿರಸ್ಕೃತವಾಗುತ್ತದೆ, ಕಟ್ಟಿದ ಶುಲ್ಕ ಹಿಂದೆ ಬರುವುದಿಲ್ಲ. ಯುಎಸ್‌ಸಿಐಎಸ್ (ಅಮೆರಿಕದ ಪೌರತ್ವ, ವಲಸೆ ಇಲಾಖೆ) ಜಾಲತಾಣದಲ್ಲೇ ದಿನ ಎಣಿಸುವ ಕ್ಯಾಲ್ಕುಲೇಟರ್ ಇದೆ. ಅದರಲ್ಲಿ ಬಂದ ದಿನಕ್ಕೆ ಇನ್ನೆರಡು ದಿನ ಸೇರಿಸಿ ಹಾಕುವುದು ಒಳ್ಳೆಯದು.

ಈ 90 ದಿನದ ರಿಯಾಯಿತಿ ಐದು ವರ್ಷದ ನಿರಂತರ ವಾಸಕ್ಕೆ ಮಾತ್ರ. 913 ದಿನ ಅರ್ಜಿ ಹಾಕುವ ದಿನಕ್ಕೇ ತುಂಬಿರಬೇಕು. ಅರ್ಜಿ ಹಾಕುವ ರಾಜ್ಯದಲ್ಲಿ ಮೂರು ತಿಂಗಳು ವಾಸವಾಗಿರಬೇಕೆಂಬ ನಿಯಮವೂ ಇದೆ; 90 ದಿನದ ರಿಯಾಯಿತಿಯಲ್ಲಿ ಮುಂಚೆ ಹಾಕಿದವರಿಗೆ ಆ ಮೂರು ತಿಂಗಳನ್ನು ಸಂದರ್ಶನದ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಐದು ವರ್ಷ ತುಂಬಿದ ಮೇಲೆ ಹಾಕುವವರು ಟೆಕ್ಸಾಸ್‌ನಿಂದ ನ್ಯೂಜೆರ್ಸಿಗೆ ಹೋದ ತಿಂಗಳೇ ಅರ್ಜಿ ಹಾಕಲಾಗದು. ಊರಿಗೆ ಹೊರಡುವ ಮುನ್ನ ಬಾಡಿಗೆ ಉಳಿಸಲೆಂದು ಅಪಾರ್ಟ್‌ಮೆಂಟ್ ಬಿಟ್ಟು ಸಾಮಾನನ್ನು ಸ್ಟೋರೇಜಿಗೆ ಹಾಕುವವರಿದ್ದಾರೆ. ಕೈಯಲ್ಲಿ ಅರ್ಜಿ ಇರುವಾಗ ಹಾಗೆ ಮಾಡಬೇಡಿ ಎಂದೇ ನಾವು ಹೇಳುತ್ತೇವೆ. ಉಳಿಯುವ ಬಾಡಿಗೆಗಿಂತ, ‘ನಿಮ್ಮ ಮನೆ ಎಲ್ಲಿತ್ತು’ ಎಂಬ ಪ್ರಶ್ನೆಗೆ ಉತ್ತರವಾಗಿ ತೋರಿಸಲು ಚಾಲ್ತಿಯಲ್ಲಿರುವ ಕರಾರುಪತ್ರ ಇರುವುದು ಹೆಚ್ಚು ಬೆಲೆಬಾಳುತ್ತದೆ.

ವರ್ಷಕ್ಕೊಮ್ಮೆ ಐದೂವರೆ ತಿಂಗಳು ಊರಿನಲ್ಲಿ ಕಳೆಯುವ ತಂದೆತಾಯಿಯರ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ವರ್ಷಕ್ಕೆ 170 ದಿನ ಹೊರಗೆ ಎಂದರೆ ಐದು ವರ್ಷಕ್ಕೆ 850. ಒಂದು ಅಧಿಕ ವರ್ಷ ಸೇರಿ ಐದು ವರ್ಷಕ್ಕೆ 1826 ದಿನ, ಉಳಿಯುವುದು 976. 913 ದಾಟಿತು, ಯಾವ ಪ್ರಯಾಣವೂ 180 ಮುಟ್ಟಲಿಲ್ಲ. ಅಂಕಿಗಳ ಮಟ್ಟಿಗೆ ಅರ್ಹರೇ. ಆದರೆ ಅವರು ಅರ್ಜಿ ಹಾಕುವುದು 90 ದಿನ ಮುಂಚೆ ಎಂದಾದರೆ, ಐದು ವರ್ಷದ ಕಿಟಕಿ ಅರ್ಜಿಯ ದಿನದಿಂದ ಹಿಂದಕ್ಕೆ ಹೋಗುತ್ತದೆ. ಆಗ ಗ್ರೀನ್ ಕಾರ್ಡ್ ಬರುವುದಕ್ಕೆ ಮುಂಚಿನ ಕೆಲವು ದಿನಗಳೂ ಅದರೊಳಗೆ ಬೀಳುತ್ತವೆ. ಆ 976ನ್ನು ಕಣ್ಣುಮುಚ್ಚಿ ನಂಬುವಂತಿಲ್ಲ, ಅರ್ಜಿಯ ದಿನಕ್ಕೆ ಮತ್ತೆ ಎಣಿಸಬೇಕು. ಇದಲ್ಲದೆ, ಪ್ರತಿವರ್ಷ ಅರ್ಧ ವರ್ಷ ಹೊರಗೇ ಕಳೆದವರ ನಿಜವಾದ ಮನೆ ಯಾವುದು ಎಂದು ಅಧಿಕಾರಿ ಕೇಳಬಹುದು, ಕೇಳುತ್ತಾರೆ ಕೂಡ. ಮಗನ ಮನೆಯ ವಿಳಾಸದಲ್ಲಿ ಬ್ಯಾಂಕ್ ಖಾತೆ, ಆರೋಗ್ಯ ವಿಮೆ, ಸ್ಟೇಟ್ ಐಡಿ, ಲೈಬ್ರರಿ ಕಾರ್ಡ್ ಇಂಥವೆಲ್ಲ ತಂದೆತಾಯಿಯ ಹೆಸರಿನಲ್ಲೇ ಇದ್ದರೆ ಉತ್ತರ ಸುಲಭ.

ಪ್ರಯಾಣಗಳ ಪಟ್ಟಿ

ಅರ್ಜಿಯಲ್ಲಿ ಹೆಚ್ಚು ತಪ್ಪಾಗುವ ಪುಟ ಇದು. ಕಳೆದ ಐದು ವರ್ಷದಲ್ಲಿ 24 ಗಂಟೆ ಮೀರಿದ ಪ್ರತಿ ವಿದೇಶ ಪ್ರಯಾಣಕ್ಕೂ ಹೊರಟ ದಿನ, ಮರಳಿದ ದಿನ, ಹೋದ ದೇಶ ಬರೆಯಬೇಕು. ಕೆನಡಾದ ನಯಾಗರಾ ಬದಿಗೆ ಹೋಗಿ ಎರಡು ರಾತ್ರಿ ಉಳಿದದ್ದು, ಬಹಾಮಾಸ್‌ಗೆ ಕ್ರೂಸ್‌ನಲ್ಲಿ ಹೋದದ್ದು ಎಲ್ಲವೂ ಸೇರುತ್ತವೆ, ಮರೆತುಹೋಗುವುದೂ ಇವೇ.

ಪಾಸ್‌ಪೋರ್ಟಿನ ಮುದ್ರೆ ನೋಡಿ ಬರೆಯುವಾಗ ಎಚ್ಚರ ಬೇಕು. ಅಮೆರಿಕದಿಂದ ಹೊರಡುವಾಗ ಯಾರೂ ಮುದ್ರೆ ಒತ್ತುವುದಿಲ್ಲ. ಬೆಂಗಳೂರಿನಲ್ಲಿ ಇಳಿದಾಗ ಬೀಳುವ ಮುದ್ರೆ ನೀವು ಇಲ್ಲಿಂದ ಹೊರಟ ಮರುದಿನದ್ದೋ ಅದರ ಮರುದಿನದ್ದೋ ಆಗಿರುತ್ತದೆ. ಅದನ್ನೇ ಹೊರಟ ದಿನ ಎಂದು ಬರೆದರೆ ಸರ್ಕಾರದ ದಾಖಲೆಗೆ ತಾಳೆಯಾಗುವುದಿಲ್ಲ, ಏಕೆಂದರೆ ವಿಮಾನ ಕಂಪನಿಗಳು ಪ್ರಯಾಣಿಕರ ಪಟ್ಟಿಯನ್ನು ಅವರಿಗೆ ಕಳಿಸಿರುತ್ತವೆ. ಹಿಂತಿರುಗುವಾಗಲೂ ಬೆಂಗಳೂರಿನ ನಿರ್ಗಮನದ ಮುದ್ರೆಯ ತಾರೀಖನ್ನಲ್ಲ, ಅಮೆರಿಕದಲ್ಲಿ ಇಳಿದ ತಾರೀಖನ್ನು ಬರೆಯಬೇಕು. ಗ್ಲೋಬಲ್ ಎಂಟ್ರಿಯಲ್ಲಿ (ಮುಂಚೆಯೇ ಪರಿಶೀಲನೆಯಾದವರನ್ನು ಬೇಗ ಒಳಬಿಡುವ ವ್ಯವಸ್ಥೆ) ಬಂದವರಿಗೆ ಇಳಿದಾಗಲೂ ಮುದ್ರೆ ಇರುವುದಿಲ್ಲ. ಇ-ಮೇಲ್‌ನಲ್ಲಿ ಉಳಿದಿರುವ ಟಿಕೆಟ್ಟು, ಬೋರ್ಡಿಂಗ್ ಪಾಸು, ವಿಮಾನ ಕಂಪನಿಯ ಮೈಲೇಜ್ ಖಾತೆ ಇವುಗಳಿಂದ ದಿನ ಹಿಡಿಯುವುದು ಮುದ್ರೆಗಿಂತ ನಂಬಿಕೆಯ ದಾರಿ. ಹೊರಟ ದಿನ, ಮರಳಿದ ದಿನ ಎರಡನ್ನೂ ಅಮೆರಿಕದಲ್ಲಿ ಇದ್ದ ದಿನಗಳಾಗಿಯೇ ಎಣಿಸುತ್ತಾರೆ, ಅಂಚಿನಲ್ಲಿರುವವರಿಗೆ ಇದು ನೆರವಾಗುತ್ತದೆ.

ತಾರೀಖು ಬರೆಯುವ ಕ್ರಮದಲ್ಲೂ ಜಾರುವುದುಂಟು. ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಭಾರತದ ಕ್ರಮದಲ್ಲಿ 05-08 ಎಂದಿದ್ದರೆ ಅದು ಆಗಸ್ಟ್ 5. ಹಾಗೇ ನಕಲು ಮಾಡಿದರೆ ಅರ್ಜಿಯಲ್ಲಿ ಮೇ 8 ಆಗಿ, ಮೂರು ತಿಂಗಳ ಪ್ರಯಾಣ ಆರು ತಿಂಗಳದ್ದಾಗಿ ಕಾಣುತ್ತದೆ. ಒಂದೆರಡು ದಿನದ ಪ್ರಾಮಾಣಿಕ ವ್ಯತ್ಯಾಸವನ್ನು ಸಂದರ್ಶನದಲ್ಲಿ ತಿದ್ದಿಕೊಳ್ಳುತ್ತಾರೆ. ಇಡೀ ಪ್ರಯಾಣವನ್ನೇ ಬಿಟ್ಟಿದ್ದರೆ ಅದು ಬೇರೆಯೇ ಮಾತು.

ಅರ್ಜಿಯ ಉಳಿದ ಭಾಗ

2024ರ ಏಪ್ರಿಲ್ 1ರಿಂದ ಜಾರಿಯಾದ ದರದಂತೆ ಆನ್‌ಲೈನ್ ಅರ್ಜಿಗೆ 710 ಡಾಲರ್, ಕಾಗದದ ಅರ್ಜಿಗೆ 760. ಮನೆಯ ವರಮಾನ ಕಡಿಮೆ ಇದ್ದವರಿಗೆ 380 ಡಾಲರಿನ ರಿಯಾಯಿತಿ ದರವಿದೆ. ಕಟ್ಟುವ ದಿನ ದರವನ್ನು ಮತ್ತೊಮ್ಮೆ ನೋಡಿಕೊಳ್ಳಿ. ಪ್ರಯಾಣ ಮಾಡುವವರಿಗೆ ಆನ್‌ಲೈನೇ ಸರಿ. ನೋಟಿಸುಗಳು ಖಾತೆಯಲ್ಲೂ ಕಾಣುತ್ತವೆ, ಮೈಸೂರಿನಲ್ಲಿ ಕೂತು ಓದಬಹುದು. ಆದರೂ ಕಾಗದದ ಪ್ರತಿ ಅಂಚೆಯಲ್ಲಿ ಬರುತ್ತದೆ. ಯುಎಸ್‌ಸಿಐಎಸ್ ಕಾಗದಗಳನ್ನು ಅಂಚೆಯವರು ಬೇರೆ ವಿಳಾಸಕ್ಕೆ ತಿರುಗಿಸಿ ಕಳಿಸುವುದಿಲ್ಲ ಎಂದೇ ಎಣಿಸಿ, ಪೆಟ್ಟಿಗೆ ತೆರೆಯಲು ನಂಬಿಕೆಯವರೊಬ್ಬರನ್ನು ಗೊತ್ತು ಮಾಡಿ ಹೋಗಿ. ಮನೆ ಬದಲಿಸಿದರೆ 10 ದಿನದೊಳಗೆ ವಿಳಾಸ ತಿಳಿಸುವುದು ಕಡ್ಡಾಯ.

ಅರ್ಜಿಯ ಪ್ರಶ್ನೆಗಳಲ್ಲಿ ಒಂದೆರಡು ಅಪಾಯದವು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರಿಸಲೇ ಎಂಬ ಪ್ರಶ್ನೆಗೆ ಗೊತ್ತಿಲ್ಲದೆ ಹೌದು ಎಂದಿರುವವರಿದ್ದಾರೆ. ಪ್ರಜೆಯಲ್ಲದವರು ಹೆಸರು ನೋಂದಾಯಿಸುವುದು, ಮತ ಹಾಕುವುದು ಗಂಭೀರ ವಿಷಯ, ಗ್ರೀನ್ ಕಾರ್ಡಿಗೇ ಕುತ್ತು ತರಬಲ್ಲದು. ಹಾಗಾಗಿದೆ ಎಂಬ ಅನುಮಾನವಿದ್ದರೂ ಅರ್ಜಿಗೆ ಮುಂಚೆ ಇಮಿಗ್ರೇಷನ್ ವಕೀಲರನ್ನು ಕಾಣಿ. ತೆರಿಗೆಯಲ್ಲಿ ನಾನ್‌ರೆಸಿಡೆಂಟ್ ಎಂದು 1040-ಎನ್‌ಆರ್ ನಮೂನೆ ಸಲ್ಲಿಸಿದ್ದರೂ ಅಷ್ಟೇ. ನಾನು ಇಲ್ಲಿನ ನಿವಾಸಿಯಲ್ಲ ಎಂದು ನೀವೇ ಬರೆದುಕೊಟ್ಟಂತೆ. 18ರಿಂದ 26ರ ವಯಸ್ಸಿನ ನಡುವೆ ಗ್ರೀನ್ ಕಾರ್ಡಿನಲ್ಲಿದ್ದ ಗಂಡಸರು ಸೆಲೆಕ್ಟಿವ್ ಸರ್ವಿಸ್ (ಅಗತ್ಯ ಬಿದ್ದಾಗ ಸೇನೆಗೆ ಕರೆಯಲು ಇಟ್ಟಿರುವ ಪಟ್ಟಿ) ನೋಂದಣಿ ಸಂಖ್ಯೆ ಕೊಡಬೇಕು. ಪೊಲೀಸ್ ಪ್ರಕರಣ ಯಾವುದೇ ಇರಲಿ, ವಜಾ ಆಗಿದ್ದರೂ ಬರೆಯಬೇಕು, ನ್ಯಾಯಾಲಯದ ಪ್ರಮಾಣಿತ ಪ್ರತಿ ತರಿಸಿಕೊಳ್ಳಬೇಕು.

ಹೆಸರಿನ ವಿಷಯಕ್ಕೆ ನಮ್ಮವರು ತುಸು ಹೆಚ್ಚು ಗಮನ ಕೊಡಬೇಕು. ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿರುವವರಿಗೆ, ಒಂದೇ ಹೆಸರಿದ್ದು ಕಾರ್ಡಿನ ಮೇಲೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುವವರಿಗೆ ಇಲ್ಲಿ ಹೆಸರು ಸರಿಮಾಡಿಕೊಳ್ಳುವ ಅವಕಾಶವಿದೆ, ಅರ್ಜಿಯಲ್ಲೇ ಹೊಸ ಹೆಸರು ಕೇಳಬಹುದು. ಆದರೆ ಹೆಸರು ಬದಲಿಸುವ ಅಧಿಕಾರ ಇರುವುದು ನ್ಯಾಯಾಲಯಕ್ಕೆ. ಹಾಗಾಗಿ ಅವರ ಪ್ರಮಾಣವಚನ ನ್ಯಾಯಾಧೀಶರ ಎದುರೇ ಆಗಬೇಕು, ಅದಕ್ಕೆ ಹೆಚ್ಚು ಕಾಯಬೇಕಾಗಬಹುದು. ಪ್ರಯಾಣದ ಆತುರ ಇರುವವರು ಈ ಪೆಟ್ಟಿಗೆಗೆ ಗುರುತು ಹಾಕುವ ಮುನ್ನ ಯೋಚಿಸಿ.

ಅರ್ಜಿ ಹಾಕಿದ ಮೇಲೆ ಯಾವಾಗ ಹೋಗುವುದು

ರಸೀದಿ ಬಂದ ಮೇಲೆ ಮೊದಲ ಕರೆ ಬಯೋಮೆಟ್ರಿಕ್ಸ್‌ಗೆ: ಬೆರಳಚ್ಚು, ಫೋಟೊ, ಸಹಿ. ಕೆಲವರಿಗೆ ಹಿಂದಿನ ಬೆರಳಚ್ಚನ್ನೇ ಬಳಸಿಕೊಂಡಿದ್ದೇವೆ ಎಂಬ ನೋಟಿಸು ಬರುತ್ತದೆ, ಹೋಗುವ ಕೆಲಸವೇ ಇರುವುದಿಲ್ಲ. ಕರೆ ಬಂದಾಗ ಊರಿನಲ್ಲಿದ್ದರೆ ಖಾತೆಯಿಂದಲೇ ದಿನ ಬದಲಿಸಿಕೊಳ್ಳಬಹುದು; ನಿಗದಿಯಾದ ಸಮಯ ಕಳೆಯುವ ಮುನ್ನವೇ ಅದಾಗಬೇಕು. ಹೇಳದೆ ಕೇಳದೆ ತಪ್ಪಿಸಿಕೊಂಡರೆ ಅರ್ಜಿ ಕೈಬಿಟ್ಟಂತೆ ಎಣಿಸುವ ಅಪಾಯವಿದೆ. ಆದ್ದರಿಂದ ಬಯೋಮೆಟ್ರಿಕ್ಸ್ ಮುಗಿಸಿಯೇ ವಿಮಾನ ಹತ್ತುವುದು ಉತ್ತಮ.

ಬಯೋಮೆಟ್ರಿಕ್ಸ್‌ಗೂ ಸಂದರ್ಶನಕ್ಕೂ ನಡುವಿನ ತಿಂಗಳುಗಳೇ ಊರಿಗೆ ಹೋಗಿಬರಲು ತಕ್ಕ ಕಾಲ. ಎಷ್ಟು ತಿಂಗಳು ಎಂಬುದು ನಿಮ್ಮ ಫೀಲ್ಡ್ ಆಫೀಸಿನ ಮೇಲೆ ನಿಂತಿದೆ. ಪಕ್ಕದ ರಾಜ್ಯದ ಗೆಳೆಯರಿಗೆ ಆದಷ್ಟೇ ನಿಮಗೂ ಆಗುತ್ತದೆ ಎಂದು ಟಿಕೆಟ್ ಮಾಡಿಸಬೇಡಿ. ಸಂದರ್ಶನದ ನೋಟಿಸು ಕೆಲವೇ ವಾರಗಳ ಮುನ್ಸೂಚನೆಯಲ್ಲಿ ಬರುತ್ತದೆ. ದಿನ ಬದಲಿಸಿ ಎಂದು ಕೇಳಬಹುದು, ಆದರೆ ಮುಂದಿನ ದಿನ ಯಾವಾಗ ಸಿಗುವುದೋ ನಿಮ್ಮ ಕೈಯಲ್ಲಿಲ್ಲ. ದಿನಾಂಕ ಬದಲಿಸಲು ಬರುವ ಟಿಕೆಟ್ಟಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕಾರ್ಡಿನ ಅವಧಿ ಹತ್ತಿರವಾದವರಿಗೆ ಇನ್ನೊಂದು ಅನುಕೂಲ ಇದೆ. 2022ರ ಡಿಸೆಂಬರ್ 12ರಿಂದ ಈಚೆಗೆ ಎನ್-400 ಹಾಕಿದವರ ರಸೀದಿಯೇ ಗ್ರೀನ್ ಕಾರ್ಡಿನ ಅವಧಿಯನ್ನು 24 ತಿಂಗಳು ವಿಸ್ತರಿಸುತ್ತದೆ. ಕಾರ್ಡಿನ ಜೊತೆ ಆ ರಸೀದಿಯ ಅಂಚೆಯಲ್ಲಿ ಬಂದ ಮೂಲ ಪ್ರತಿಯನ್ನೇ ಕೊಂಡೊಯ್ಯಿರಿ. ಚೆಕ್‌ಇನ್ ಕೌಂಟರಿನಲ್ಲಿ ಅವಧಿ ಮುಗಿದ ಕಾರ್ಡು ನೋಡಿದ ಕೂಡಲೇ ಸಿಬ್ಬಂದಿ ತಡೆಯುತ್ತಾರೆ. ವಿಸ್ತರಣೆಯ ಸಾಲು ಇರುವ ಪುಟವನ್ನು ತೋರಿಸಿ, ಮೇಲಧಿಕಾರಿಯನ್ನು ಕರೆಸಿ ಎಂದು ಶಾಂತವಾಗಿ ಕೇಳಿ. ಇದಕ್ಕೆ ಸಮಯ ಹಿಡಿಯುವುದರಿಂದ ನಿಲ್ದಾಣಕ್ಕೆ ಬೇಗ ಹೋಗಬೇಕು. ಊರಿನಲ್ಲಿ ಕಾರ್ಡು ಕಳೆದರೆ ಐ-131ಎ ಸಲ್ಲಿಸಿ ಅಮೆರಿಕದ ಕಾನ್ಸುಲೇಟಿನಿಂದ ಪ್ರಯಾಣಪತ್ರ ಪಡೆಯಬೇಕು.

ಒಂದು ವರ್ಷ ಮೀರಿ ಇರಲೇಬೇಕಾದವರು ರೀ-ಎಂಟ್ರಿ ಪರ್ಮಿಟ್ (ಮರಳಿ ಬರುವ ಅನುಮತಿಪತ್ರ) ಮಾಡಿಸುತ್ತಾರೆ. ಅರ್ಜಿ ಹಾಕುವಾಗ ಅಮೆರಿಕದಲ್ಲೇ ಇರಬೇಕು, ಸಾಮಾನ್ಯವಾಗಿ ಎರಡು ವರ್ಷಕ್ಕೆ ಕೊಡುತ್ತಾರೆ. ಆದರೆ ಅದು ಕಾಪಾಡುವುದು ಗ್ರೀನ್ ಕಾರ್ಡನ್ನು, ಪೌರತ್ವದ ನಿರಂತರತೆಯನ್ನಲ್ಲ. ಈ ವ್ಯತ್ಯಾಸ ತಿಳಿಯದೆ ಐದಾರು ವರ್ಷದ ಲೆಕ್ಕ ಮಣ್ಣುಪಾಲಾದ ಕುಟುಂಬಗಳಿವೆ. ನಿರಂತರತೆ ಉಳಿಸುವ ಅರ್ಜಿ ಎನ್-470, ಅದು ಅಮೆರಿಕದ ಸರ್ಕಾರ, ಅಮೆರಿಕದ ಕಂಪನಿ, ಮಾನ್ಯತೆ ಪಡೆದ ಸಂಶೋಧನಾ ಸಂಸ್ಥೆ ಮುಂತಾದವು ಕೆಲಸಕ್ಕಾಗಿ ಹೊರಗೆ ಕಳಿಸಿದವರಿಗೆ ಮಾತ್ರ. ಗ್ರೀನ್ ಕಾರ್ಡ್ ಬಂದ ಮೇಲೆ ಒಂದು ವರ್ಷ ದೇಶ ಬಿಡದೆ ಇಲ್ಲಿ ಇದ್ದಿರಬೇಕು. ಅಮ್ಮನ ಆರೈಕೆಗೆಂದು ಹೋಗುವವರಿಗೆ ಅದು ಸಿಗುವುದಿಲ್ಲ. ಅಮೆರಿಕದ ಪ್ರಜೆಯಾದ ಗಂಡ ಅಥವಾ ಹೆಂಡತಿಯನ್ನು ಇಂಥ ಸಂಸ್ಥೆಗಳು ಒಂದು ವರ್ಷ ಅಥವಾ ಹೆಚ್ಚು ಕಾಲಕ್ಕೆ ಹೊರದೇಶಕ್ಕೆ ನೇಮಿಸಿದ್ದರೆ, ಜೊತೆ ಹೋಗುವ ಸಂಗಾತಿಗೆ ಐದೋ ಮೂರೋ ವರ್ಷ ಕಾಯುವ ನಿಯಮವೇ ಇಲ್ಲದ 319(ಬಿ) ಎಂಬ ದಾರಿ ಇದೆ. ಸಂದರ್ಶನಕ್ಕೆ, ಪ್ರಮಾಣವಚನಕ್ಕೆ ಅಮೆರಿಕದಲ್ಲಿ ಇರಬೇಕು, ಕೆಲಸ ಮುಗಿದ ಮೇಲೆ ಇಲ್ಲಿಗೇ ಮರಳುವ ಉದ್ದೇಶ ಇರಬೇಕು.

ಸಂದರ್ಶನ

ಕೊಂಡೊಯ್ಯಬೇಕಾದ್ದು: ಗ್ರೀನ್ ಕಾರ್ಡ್, ಈಗಿನದು ಹಳೆಯದು ಎಲ್ಲ ಪಾಸ್‌ಪೋರ್ಟುಗಳು, ಸ್ಟೇಟ್ ಐಡಿ, ಐಆರ್‌ಎಸ್‌ನಿಂದ (ಅಮೆರಿಕದ ತೆರಿಗೆ ಇಲಾಖೆ) ತೆಗೆದ ತೆರಿಗೆ ಟ್ರಾನ್ಸ್‌ಕ್ರಿಪ್ಟ್, ಮದುವೆಯ ದಾರಿಯಲ್ಲಿ ಬಂದವರು ಜಂಟಿ ಬದುಕಿನ ದಾಖಲೆ. ಅರ್ಜಿ ಹಾಕಿದ ಮೇಲೆ ಮಾಡಿದ ಪ್ರಯಾಣಗಳನ್ನು ಬೇರೆ ಹಾಳೆಯಲ್ಲಿ ಬರೆದು ಒಯ್ಯಿರಿ, ಅಧಿಕಾರಿ ಅದನ್ನು ಕೇಳಿಯೇ ಕೇಳುತ್ತಾರೆ.

ಇಂಗ್ಲಿಷಿನಲ್ಲಿ ಮೂರರಲ್ಲಿ ಒಂದು ವಾಕ್ಯ ಸರಿಯಾಗಿ ಓದಬೇಕು, ಮೂರರಲ್ಲಿ ಒಂದು ಸರಿಯಾಗಿ ಬರೆಯಬೇಕು. 2025ರ ಅಕ್ಟೋಬರ್ 20 ಅಥವಾ ಆಮೇಲೆ ಅರ್ಜಿ ಹಾಕಿದವರಿಗೆ ಇತಿಹಾಸ, ಆಡಳಿತದ ಪರೀಕ್ಷೆ ಹೊಸದು: 128 ಪ್ರಶ್ನೆಗಳ ಪಟ್ಟಿಯಿಂದ 20ರವರೆಗೆ ಕೇಳುತ್ತಾರೆ, 12 ಸರಿ ಇರಬೇಕು. 12 ಸರಿಯಾದ ಕೂಡಲೇ ಅಥವಾ 9 ತಪ್ಪಾದ ಕೂಡಲೇ ನಿಲ್ಲಿಸುತ್ತಾರೆ. ಅದಕ್ಕೂ ಮುಂಚೆ ಹಾಕಿದವರಿಗೆ ಹಳೆಯ ಕ್ರಮ, 100ರ ಪಟ್ಟಿ, 10ರಲ್ಲಿ 6. ಹಳೆಯ ಪುಸ್ತಕ ಹಿಡಿದು ಓದಿ ಹೋಗಬೇಡಿ. ಸೆನೆಟರ್, ಗವರ್ನರ್ ಹೆಸರುಗಳು ಚುನಾವಣೆಯಾದಂತೆ ಬದಲಾಗುತ್ತವೆ, ಹೋಗುವ ವಾರ ನೋಡಿಕೊಳ್ಳಿ. ಪರೀಕ್ಷೆಯ ಒಂದು ಭಾಗ ಸೋತರೆ 60ರಿಂದ 90 ದಿನದ ನಡುವೆ ಆ ಭಾಗಕ್ಕೆ ಇನ್ನೊಂದು ಅವಕಾಶ. ಅದು ಊರಿನ ಪ್ರಯಾಣದ ನಡುವೆ ಬೀಳದಂತೆ ಜಾಗ ಬಿಟ್ಟುಕೊಳ್ಳಿ.

ಹಿರಿಯರಿಗೆ ಇಲ್ಲಿ ಬಹಳ ಉಪಯೋಗದ ವಿನಾಯಿತಿ ಇದೆ, ಗೊತ್ತಿಲ್ಲದೆ ಹೆದರಿ ಅರ್ಜಿಯೇ ಹಾಕದವರು ಎಷ್ಟೋ ಜನ. ಅರ್ಜಿಯ ದಿನಕ್ಕೆ 50 ವರ್ಷ ದಾಟಿ ಗ್ರೀನ್ ಕಾರ್ಡಿನಲ್ಲಿ 20 ವರ್ಷ, ಇಲ್ಲವೇ 55 ದಾಟಿ 15 ವರ್ಷ ಆಗಿದ್ದರೆ ಇಂಗ್ಲಿಷ್ ಪರೀಕ್ಷೆ ಇಲ್ಲ, ಪ್ರಶ್ನೋತ್ತರವನ್ನು ಕನ್ನಡದಲ್ಲೇ ದುಭಾಷಿಯ ಮೂಲಕ ಕೊಡಬಹುದು. 65 ದಾಟಿ 20 ವರ್ಷವಾದವರಿಗೆ 20 ಪ್ರಶ್ನೆಗಳ ಚಿಕ್ಕ ಪಟ್ಟಿ. 10 ಕೇಳಿ 6 ಸರಿ ಬಂದರೆ ಸಾಕು. ಐದಾರು ವರ್ಷದ ಹಿಂದೆಯಷ್ಟೇ ಮಕ್ಕಳ ಬಳಿಗೆ ಬಂದ ತಂದೆತಾಯಿಗೆ ಇದು ಅನ್ವಯಿಸದು, ಅವರು ಇಂಗ್ಲಿಷಿನಲ್ಲೇ ಪರೀಕ್ಷೆ ಕೊಡಬೇಕು. ಮರೆವಿನ ಕಾಯಿಲೆಯಂಥ ತೊಂದರೆ ಇದ್ದು ಕಲಿಯಲು ಆಗದಿದ್ದರೆ ವೈದ್ಯರು ತುಂಬಿಕೊಡುವ ಎನ್-648 ಇದೆ. ವಯಸ್ಸಾಗಿದೆ ಎಂಬುದೊಂದೇ ಕಾರಣ ಅದಕ್ಕೆ ಸಾಲದು.

ಪ್ರಮಾಣವಚನ, ಪಾಸ್‌ಪೋರ್ಟ್

ಕೆಲವು ಕಚೇರಿಗಳಲ್ಲಿ ಸಂದರ್ಶನದ ದಿನವೇ ಪ್ರಮಾಣವಚನ, ಕೆಲವೆಡೆ ವಾರಗಳ ಮೇಲೆ. ಪ್ರಮಾಣವಚನಕ್ಕೆ ಕರೆಯುವ ಎನ್-445 ನೋಟಿಸಿನ ಹಿಂಬದಿಯಲ್ಲಿ, ಸಂದರ್ಶನದ ನಂತರ ದೇಶ ಬಿಟ್ಟು ಹೋಗಿದ್ದಿರಾ ಎಂಬ ಪ್ರಶ್ನೆ ಇರುತ್ತದೆ. ಹೋಗಿದ್ದರೆ ಹೌದು ಎಂದು ಬರೆದು ದಿನಾಂಕ ಕೊಡಿ, ಟಿಕೆಟ್ ಜೊತೆಗಿರಲಿ. ಆ ದಿನ ಬರಲಾಗದಿದ್ದರೆ ನೋಟಿಸನ್ನು ಕಾರಣದ ಪತ್ರದೊಂದಿಗೆ ಹಿಂದಿರುಗಿಸಿ ಬೇರೆ ದಿನ ಕೇಳಬೇಕು. ಒಂದಕ್ಕಿಂತ ಹೆಚ್ಚು ಬಾರಿ ಸಕಾರಣವಿಲ್ಲದೆ ತಪ್ಪಿಸಿದರೆ ಅರ್ಜಿ ಬಿಟ್ಟಂತೆ. ಮನೆಯವರ ತೀವ್ರ ಕಾಯಿಲೆ, ತುರ್ತು ಪ್ರಯಾಣ, ಕೆಲಸದ ಅಗತ್ಯ ಇದ್ದಾಗ ಪ್ರಮಾಣವಚನವನ್ನು ಬೇಗ ಮಾಡಿಸಿ ಎಂದು ಕೇಳಲು ಕಾನೂನಿನಲ್ಲೇ ಅವಕಾಶವಿದೆ. ದಾಖಲೆ ಸಹಿತ ಲಿಖಿತವಾಗಿ ಕೇಳಿ.

ಪ್ರಮಾಣವಚನದ ಬಾಗಿಲಲ್ಲೇ ಗ್ರೀನ್ ಕಾರ್ಡ್ ಹಿಂದಕ್ಕೆ ಪಡೆಯುತ್ತಾರೆ. ಆ ಗಳಿಗೆಯಿಂದ ಅಮೆರಿಕದ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಪ್ರಯಾಣಕ್ಕೆ ಯೋಗ್ಯವಾದ ಯಾವ ಕಾಗದವೂ ನಿಮ್ಮಲ್ಲಿ ಇರುವುದಿಲ್ಲ. ಇಡೀ ಕ್ರಮದಲ್ಲಿ ಟಿಕೆಟ್ ಇಟ್ಟುಕೊಳ್ಳಬಾರದ ಕಾಲ ಯಾವುದು ಎಂದರೆ ಇದೇ. ಸರ್ಟಿಫಿಕೇಟ್ ಕೈಗೆ ಕೊಟ್ಟಾಗ ಹೆಸರು, ಹುಟ್ಟಿದ ದಿನ ಅಲ್ಲೇ ಓದಿ, ತಪ್ಪಿದ್ದರೆ ಕೌಂಟರ್ ಬಿಡುವ ಮುನ್ನ ಹೇಳಿ. ಮನೆಗೆ ಬಂದು ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಪಾಸ್‌ಪೋರ್ಟಿನ ಡಿಎಸ್-11 ಅರ್ಜಿಯ ಜೊತೆ ಮೂಲವನ್ನೇ ಕಳಿಸಬೇಕು, ಅದು ಬೇರೆ ಲಕೋಟೆಯಲ್ಲಿ ತಡವಾಗಿ ಮರಳುತ್ತದೆ, ಆ ನಡುವೆ ಓಸಿಐಗೆ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡು) ಪ್ರತಿ ಬೇಕಾಗುತ್ತದೆ. ದೊಡ್ಡವರಿಗೆ 130 ಡಾಲರ್, ಅರ್ಜಿ ಪಡೆಯುವ ಕಚೇರಿಗೆ 35, ಬೇಗ ಬೇಕೆಂದರೆ ಇನ್ನೂ 60. ಪ್ರಯಾಣಕ್ಕೆ 14 ದಿನವೂ ಇಲ್ಲದಿದ್ದರೆ ಪಾಸ್‌ಪೋರ್ಟ್ ಏಜೆನ್ಸಿಗೆ ಕರೆ ಮಾಡಿ ಸಮಯ ಪಡೆಯಬೇಕು.

18 ತುಂಬದ, ಗ್ರೀನ್ ಕಾರ್ಡ್ ಇರುವ, ನಿಮ್ಮ ಸುಪರ್ದಿನಲ್ಲಿ ನಿಮ್ಮ ಜೊತೆಗೇ ಇಲ್ಲಿ ವಾಸವಾಗಿರುವ ಮಕ್ಕಳು ನೀವು ಪ್ರಜೆಯಾದ ಕ್ಷಣವೇ ತಾವೂ ಪ್ರಜೆಗಳಾಗುತ್ತಾರೆ. ಬೇರೆ ಅರ್ಜಿ ಬೇಡ. ಆದರೆ ಅವರಿಗೂ ಅಮೆರಿಕದ ಪಾಸ್‌ಪೋರ್ಟ್ ಆಗಬೇಕು. ಮಕ್ಕಳದು ಗ್ರೀನ್ ಕಾರ್ಡಿದೆಯಲ್ಲ ಎಂದು ಟಿಕೆಟ್ ಮಾಡಿಸುವುದು ಸರಿಯಲ್ಲ.

ಭಾರತದ ಕಡೆಯ ಕೆಲಸ

1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಕೂಡಲೇ ಭಾರತದ ಪೌರತ್ವ ತಾನಾಗಿ ಮುಗಿಯುತ್ತದೆ. ಅವಧಿ ಇನ್ನೂ ಇದೆ ಎಂದು ಹಳೆಯ ಪಾಸ್‌ಪೋರ್ಟಿನಲ್ಲೇ ಊರಿಗೆ ಹೋಗಿಬರುವುದು ಅಪರಾಧ. ಮೊದಲು ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್, ಆಮೇಲೆ ಓಸಿಐ. ಎರಡೂ ಭಾರತ ಸರ್ಕಾರದ ಪರವಾಗಿ ಅರ್ಜಿ ಪಡೆಯುವ ವಿಎಫ್‌ಎಸ್ ಕಂಪನಿಯ ಮೂಲಕ. ಓಸಿಐ ಸರ್ಕಾರಿ ಶುಲ್ಕ 275 ಡಾಲರ್, ಸೇವಾ ಶುಲ್ಕ ಬೇರೆ. ಅರ್ಜಿ ನಿಲ್ಲುವುದು ಹೆಚ್ಚಾಗಿ ಹೆಸರಿನ ಹೊಂದಾಣಿಕೆಗೆ: ಭಾರತದ ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಅಮೆರಿಕದ್ದರಲ್ಲಿ ಇನ್ನೊಂದು. ಫೋಟೊ, ಸಹಿಯ ಚಿತ್ರದ ಅಳತೆ ತಪ್ಪಿದರೂ ಮರಳಿ ಬರುತ್ತದೆ.

ಓಸಿಐ ಬರುವುದಕ್ಕೆ ಮುಂಚೆ ಹೋಗಲೇಬೇಕಾದರೆ ಅಮೆರಿಕದ ಪಾಸ್‌ಪೋರ್ಟಿನ ಮೇಲೆ ಇ-ವೀಸಾ ತೆಗೆದುಕೊಳ್ಳಬಹುದು. ತಲುಪುವುದಕ್ಕೆ ಕನಿಷ್ಠ 4 ದಿನ ಮುಂಚೆ ಹಾಕಬೇಕು, ಗೊತ್ತುಪಡಿಸಿದ ನಿಲ್ದಾಣಗಳಲ್ಲೇ ಇಳಿಯಬೇಕು. ಬೆಂಗಳೂರು, ಮಂಗಳೂರು ಎರಡೂ ಆ ಪಟ್ಟಿಯಲ್ಲಿವೆ.

ಪೌರತ್ವ ಬದಲಾದರೆ ಊರಿನ ತೋಟ, ಗದ್ದೆ ಕೈತಪ್ಪುತ್ತದೆ ಎಂಬ ಭಯದಿಂದ ಅರ್ಜಿ ಮುಂದೂಡುವವರಿದ್ದಾರೆ. ವಿದೇಶಿ ವಿನಿಮಯದ ನಿಯಮದಲ್ಲಿ ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳಬಾರದು ಎಂಬ ನಿರ್ಬಂಧ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಮೆರಿಕದಲ್ಲಿ ವಾಸವಾಗಿರುವ ಎನ್‌ಆರ್‌ಐಗೂ ಇದೆ, ಓಸಿಐ ಪಡೆದವರಿಗೂ ಇದೆ. ಅಪ್ಪನಿಂದ ವಾರಸಿನಲ್ಲಿ ಬಂದ ಜಮೀನನ್ನು ಇಬ್ಬರೂ ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ವಾಸವಾಗಿರುವ ಭಾರತೀಯ ಪ್ರಜೆಗೇ ಮಾರಬೇಕು.